ದನದ ಡಾಕ್ಟರಮ್ಮನ ಕಾದಂಬರಿ ಹುಚ್ಚು

ಓದುವ ಚಟದವರನ್ನು ಅವರ ಪಾಡಿಗೆ ಒಂದು ಮೂಲೆಯಲ್ಲಿ ಓದಿಕೊಂಡಿರಲು ಬಿಟ್ಟರೆ ಇಂಥದ್ದೇನೂ ನಡೆಯುವುದಿಲ್ಲ. ಆದರೆ ಯಾರೂ ಬಿಡುವುದಿಲ್ಲ, ಆದ್ದರಿಂದ ನಡೆಯುತ್ತಲೇ ಇರುತ್ತದೆ.

ನಾನು ಪಶುವೈದ್ಯೆ. ಜನರ ಬಾಯಲ್ಲಿ ದನದ ಡಾಕ್ಟರಮ್ಮ. ಸರ್ಕಾರ ನನ್ನನ್ನು ಪಾವಗಡ, ಶಿರಾ, ಕೊರಟಗೆರೆ ಅಂತ ಈ ಸುತ್ತಲ್ಲೇ ತಿರುಗಿಸಿದೆ. ಮನೆ ಮಾತ್ರ ಮಧುಗಿರಿಯಲ್ಲಿ, ಬೆಟ್ಟ ಕಾಣುವ ಬೀದಿಯಲ್ಲಿ. ಎಲ್ಲಿಗೆ ಹೋದರೂ ನನ್ನ ಬ್ಯಾಗಿನಲ್ಲಿ ಸಿರಿಂಜು, ಥರ್ಮಾಮೀಟರು, ಉದ್ದ ಕೈಗವಸುಗಳ ಜೊತೆಗೆ ಒಂದು ಕಾದಂಬರಿ ಇದ್ದೇ ಇರುತ್ತದೆ. ಈಚಿನ ವರ್ಷಗಳಲ್ಲಿ ಬಸ್ಸಿನಲ್ಲಿ ಕೂತಾಗ ಫೋನಿನಲ್ಲಿ ಕಥೆ ಕೇಳುವುದೂ ಅಭ್ಯಾಸವಾಗಿದೆ. ನಮ್ಮ ಯಜಮಾನರಿಗೆ ಮೋಟಾರು ರಿವೈಂಡಿಂಗ್ ಅಂಗಡಿ. ಅವರು ಓದುವುದು ಪಂಪಿನ ಮೇಲೆ ಬಡಿದಿರುವ ತಗಡನ್ನು ಮಾತ್ರ. ನಮ್ಮ ಸಂಸಾರಕ್ಕೆ ಇದರಿಂದ ಅನುಕೂಲವೇ ಆಗಿದೆ. ಒಂದೇ ಪುಸ್ತಕಕ್ಕೆ ಇಬ್ಬರು ಕಿತ್ತಾಡುವ ಪ್ರಶ್ನೆ ಬಂದಿಲ್ಲ.

ಎಮ್ಮೆಯ ಹಣೆಬರಹ

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನನ್ನು ಹಾಕಿದ್ದು ವೈ.ಎನ್.ಹೊಸಕೋಟೆ ಕಡೆಗೆ. ಒಂದು ಬೆಳಿಗ್ಗೆ ಹತ್ತಿರದ ಹಳ್ಳಿಯಿಂದ ಕರೆ ಬಂತು. ಚೊಚ್ಚಲ ಎಮ್ಮೆ, ನೋವು ಶುರುವಾಗಿದೆ, ಕರು ಮಾತ್ರ ಬರುತ್ತಿಲ್ಲ. ಹೋಗಿ ಕೈ ಹಾಕಿ ನೋಡಿದೆ. ಕರು ಸರಿಯಾಗಿಯೇ ತಿರುಗಿಕೊಂಡಿತ್ತು, ದಾರಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಅಷ್ಟೇ. ಅವಸರ ಮಾಡುವುದು ಬೇಡ, ಕಾಯೋಣ ಎಂದು ಮನೆಯವರಿಗೆ ಹೇಳಿ, ಕೈ ತೊಳೆದು, ಕೊಟ್ಟಿಗೆಯ ಎದುರಿನ ಹುಣಸೆಮರದ ಕೆಳಗೆ ಕೂತು ಕಾದಂಬರಿ ತೆಗೆದೆ.

ಮನೆಯವರೆಂದರೆ ರೈತ, ಅವನ ಹೆಂಡತಿ, ಅವನ ತಾಯಿ. ಮೂವರೂ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಎಮ್ಮೆ ನರಳಿದಾಗಲೆಲ್ಲ ನಾನು ತಲೆ ಎತ್ತಿ ಅದನ್ನು ನೋಡುವುದು, ಮತ್ತೆ ಪುಟಕ್ಕೆ ಬರುವುದು ಮಾಡುತ್ತಿದ್ದೆ. ಡಾಕ್ಟರಮ್ಮ ಇನ್ನೂ ಹೊಸಬಳು, ಬುಕ್ಕು ನೋಡಿಕೊಂಡು ವೈದ್ಯ ಮಾಡುತ್ತಿದ್ದಾಳೆ ಅಂತ ಅವರು ತೀರ್ಮಾನಿಸಿದ್ದರು. ನನಗೆ ಅದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಕಾದಂಬರಿಯಲ್ಲಿ ತಾಯಿ ತೀರಿಕೊಂಡಳು. ಬರೆದವರು ಆ ಭಾಗವನ್ನು ಬಹಳ ಚೆನ್ನಾಗಿ ಬರೆದಿದ್ದರು. ತಡೆಯಲಾಗದೆ ದುಪಟ್ಟಾದ ತುದಿಯಿಂದ ಕಣ್ಣು ಒರೆಸಿಕೊಂಡೆ. ಕೊಟ್ಟಿಗೆಯ ಬಾಗಿಲಲ್ಲಿ ರೈತನ ತಾಯಿ ಅಲ್ಲೇ ಕುಸಿದು ಕೂತು, ತೆಲುಗಿನಲ್ಲಿ ಎಮ್ಮೆಯ ಗುಣಗಾನ ಮಾಡುತ್ತಾ ಅಳಲು ಶುರುಮಾಡಿದರು. ಅಳು ಕೇಳಿ ಅಕ್ಕಪಕ್ಕದವರು ಬಂದರು. ಬಂದವರಲ್ಲಿ ಒಬ್ಬ, ಗುಂಡಿ ತೆಗೆಯುವುದಾದರೆ ಹೊಲದ ಯಾವ ಮಗ್ಗುಲಲ್ಲಿ ಮಣ್ಣು ಮೆತ್ತಗಿದೆ ಎಂಬ ಮಾತನ್ನೂ ತೆಗೆದ.

ರೈತ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ. "ನಿಜ ಹೇಳಿ ಮೇಡಂ. ನಮ್ದೂ ಮನ್ಸು ಗಟ್ಟಿ ಐತೆ. ಬುಕ್ಕಲ್ಲಿ ಏನ್ ಬರ್ದೈತೆ?"

ನನಗೆ ನಾಚಿಕೆಯಾಯಿತು. ಏನೂ ಇಲ್ಲಪ್ಪ, ಬುಕ್ಕಲ್ಲಿ ತಾಯಿ ಸತ್ತುಹೋಗ್ತಾಳೆ, ಅದಕ್ಕೆ ಅಳು ಬಂತು ಅಂದೆ.

ಅವನು ಜನರ ಕಡೆಗೆ ತಿರುಗಿ ಹೇಳಿದ. "ತಾಯಿ ಹೋಯ್ತದಂತೆ. ಕರು ಉಳೀತದಂತೆ."

ಅಲ್ಲಿಂದ ಮುಂದೆ ನಾನು ಏನು ಹೇಳಿದರೂ ಸಮಾಧಾನ ಹೇಳುತ್ತಿದ್ದೇನೆ ಅಂತಲೇ ಅವರು ತಿಳಿದರು. ಮಧ್ಯಾಹ್ನದ ಹೊತ್ತಿಗೆ ಎಮ್ಮೆ ತಾನಾಗಿಯೇ ಈದು, ಎದ್ದು ನಿಂತು, ಕರುವನ್ನು ನೆಕ್ಕತೊಡಗಿತು. ಹೆಣ್ಣು ಕರು. ಎರಡು ದಿನ ಬಿಟ್ಟು ಆ ಅಜ್ಜಿ ನಮ್ಮ ಆಸ್ಪತ್ರೆಗೇ ಗಿಣ್ಣು ಮಾಡಿಕೊಂಡು ಬಂದರು. ನಾನು ತಿನ್ನುವುದನ್ನು ನೋಡುತ್ತಾ ಪಕ್ಕದಲ್ಲೇ ಕೂತು, ಸ್ವಲ್ಪ ಹೊತ್ತಿನ ಮೇಲೆ ಹೇಳಿದರು.

"ಆ ಬುಕ್ಕು ಬರ್ದೋನಿಗೆ ಒಂದು ಕಾಗ್ದ ಆಕಮ್ಮ, ತಾಯೂ ಬದುಕ್ಕಂಡೈತೆ ಅಂತ. ತಿದ್ಕಳ್ಲಿ."

ಅತ್ತೆಯವರ ಹುಡುಗ

ನಮ್ಮ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಸ್ವಲ್ಪ ದಿನ ಓದಬಾರದು, ಟೀವಿ ನೋಡಬಾರದು ಅಂದರು. ವಾರಪತ್ರಿಕೆಯ ಧಾರಾವಾಹಿಗಳನ್ನು ಓದಿ ಬೆಳೆದ ಜೀವ ಅವರದು. ಓದೂ ಇಲ್ಲ, ಟೀವಿಯೂ ಇಲ್ಲ ಅಂದಮೇಲೆ ದಿನವಿಡೀ ನಮ್ಮನ್ನೇ ನೋಡುತ್ತಾ ಕೂರತೊಡಗಿದರು. ಮಗ ಊಟ ಮಾಡುವಾಗ ಎಷ್ಟು ಸದ್ದು ಮಾಡುತ್ತಾನೆ, ಸೊಸೆ ಒಲೆಯನ್ನು ಎಷ್ಟು ಉರಿಯಲ್ಲಿ ಇಡುತ್ತಾಳೆ ಎಲ್ಲವೂ ಅವರ ಗಮನಕ್ಕೆ ಬಂತು. ಮನೆಯ ನೆಮ್ಮದಿಗಾಗಿ ನಾನು ನನ್ನ ಹಳೆಯ ಫೋನಿಗೆ ಒಂದು ಕಾದಂಬರಿ ಹಾಕಿ, ಗಂಡಸೊಬ್ಬರು ಓದುವುದು, ಕೇಳಿಕೊಂಡಿರಿ ಅಂತ ಕೊಟ್ಟೆ.

ಊಟವಾದ ಮೇಲೆ ಫೋನನ್ನು ಲೋಟಕ್ಕೆ ಒರಗಿಸಿಕೊಂಡು ಕೂತರು. ಮೊದಲ ದಿನವೇ ಓದುವವರ ಮೇಲೆ ಅಕ್ಕರೆ ಬಂತು. ಅವರನ್ನು 'ಆ ಹುಡುಗ' ಅಂತ ಕರೆಯತೊಡಗಿದರು. ಆ ಹುಡುಗ ಎಷ್ಟು ಸ್ಪಷ್ಟವಾಗಿ ಓದುತ್ತಾನೆ, ಯಾರ ಮನೆಯ ಮಗನೋ. ಆ ಹುಡುಗ ಒಂದೇ ಸಮ ಓದುತ್ತಾನೆ, ನಡುವೆ ಒಂದು ಗುಟುಕು ನೀರಾದರೂ ಕುಡಿಯಬಾರದಾ. ಹೆಣ್ಣಿನ ಮಾತು ಬಂದಾಗ ಆತ ದನಿ ಸಣ್ಣ ಮಾಡಿದ್ದು ಮಾತ್ರ ಅವರಿಗೆ ಹಿಡಿಸಲಿಲ್ಲ. ಗಂಡುಹುಡುಗನಿಗೆ ಯಾಕೆ ಇದೆಲ್ಲ ಅಂದರು.

ಒಂದು ದಿನ ಸೆರಗಿನಿಂದ ಫೋನು ಒರೆಸುವಾಗ ಎಲ್ಲೋ ಕೈ ತಾಗಿ ಓದಿನ ವೇಗ ಜಾಸ್ತಿಯಾಗಿದೆ. ನಾನು ಡ್ಯೂಟಿ ಮುಗಿಸಿ ಬಂದಾಗ ಅತ್ತೆ ಸುಸ್ತಾಗಿ ಕೂತಿದ್ದರು. "ಇವತ್ತು ಆ ಹುಡುಗಂಗೆ ಎಲ್ಲಿಗೋ ಬಸ್ಸಿಗೆ ಹೊತ್ತಾಗಿತ್ತು ಅಂತ ಕಾಣ್ತದೆ. ಬಾಣಂತಿ ಸೀನು ಕೂಡ ಓಡ್ಕಂಡೇ ಓದ್ದ" ಅಂದರು. ನಾನು ನೋಡಿ ಸರಿಮಾಡಲು ಹೋಗಿ ವೇಗವನ್ನು ಬೇಕಾದ್ದಕ್ಕಿಂತ ಕಮ್ಮಿ ಮಾಡಿಟ್ಟಿದ್ದೆ. ಮರುದಿನ ಆಸ್ಪತ್ರೆಗೆ ಅತ್ತೆಯ ಫೋನು ಬಂತು. ಆ ಹುಡುಗನಿಗೆ ಹುಷಾರಿಲ್ಲ, ಮಾತು ಎಳೆಯುತ್ತಿದ್ದಾನೆ, ಇವತ್ತು ಓದುವುದು ಬೇಡ, ಮಲಗಲಿ, ಹೆಂಗೆ ನಿಲ್ಲಿಸೋದು ಹೇಳು ಅಂದರು.

ಎಲ್ಲಕ್ಕಿಂತ ದೊಡ್ಡ ಜಗಳ ನಡೆದದ್ದು ಒಂದು ಭಾನುವಾರ. ನಾವೆಲ್ಲ ಮನೆಯಲ್ಲಿದ್ದೆವು. ಅತ್ತೆ ಕಥೆ ಕೇಳುತ್ತಾ ಹಾಗೇ ನಿದ್ದೆ ಹೋಗಿದ್ದರು. ಫೋನಿನಲ್ಲಿ ಓದು ನಡೆದೇ ಇತ್ತು. ಎಚ್ಚರವಾಗಿ ಸ್ವಲ್ಪ ಹೊತ್ತು ಕೇಳಿದವರು ದಡಕ್ಕನೆ ಎದ್ದು ಕೂತು ಮುಖ ಊದಿಸಿಕೊಂಡರು. ಏನಾಯಿತು ಅಂತ ಮಗ ಕೇಳಿದರು.

"ಕಥೆ ಒಳಗಿನ ಆ ಹುಡ್ಗೀನ ನಾನು ಇಷ್ಟು ದಿನದಿಂದ ನೋಡ್ಕಂಡು ಬಂದೀನಿ. ಒಂದ್ ಗಳಿಗೆ ಕಣ್ಣು ಮುಚ್ಚಿದ್ನೋ ಇಲ್ವೋ, ಮದ್ವೆ ಮಾಡಿ, ಎರಡು ಮಕ್ಳೂ ಆಗೋಗವೆ" ಅಂದರು. "ಓದೋ ಹುಡ್ಗ ನನ್ನೊಂದ್ ಮಾತು ಎಬ್ಬಿಸ್ಬಾರ್ದಾ?"

ಕಳ್ಳಂಬೆಳ್ಳದ ಹತ್ತಿರ ಒಂದು ಕೊಲೆ

ಕಳ್ಳಂಬೆಳ್ಳ ಹೋಬಳಿಯ ಒಂದು ಊರಿನಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕಬೇಕಿತ್ತು. ಆ ಊರಿನವರು ಒಳ್ಳೆಯವರು, ಆದರೆ ಲಸಿಕೆ ಹಾಕಿಸಿದರೆ ಹಸು ಹಾಲು ಕಮ್ಮಿ ಮಾಡುತ್ತದೆ ಅಂತ ದನಗಳನ್ನು ಮನೆಯಿಂದ ಆಚೆಗೇ ಹೊಡೆಯುತ್ತಿರಲಿಲ್ಲ. ಹಿಂದಿನ ಸಲ ನಾನು ಕೆರೆ ಏರಿಯ ಮೇಲೆ ಐಸ್ ಬಾಕ್ಸ್ ಇಟ್ಟುಕೊಂಡು ಕೂತು, ಬೇರೆ ಊರಿಗೆ ಹೋಗುತ್ತಿದ್ದ ಕುರಿಗಳನ್ನು ನೋಡಿಕೊಂಡು ವಾಪಸ್ ಬಂದಿದ್ದೆ. ಈ ಸಲವೂ ಹಾಗೇ ಆದರೆ ಮೇಲಿನವರಿಗೆ ಏನು ಹೇಳುವುದು ಎಂಬ ಚಿಂತೆ ಇತ್ತು. ಆದ್ದರಿಂದ ಮೈಕು ಕಟ್ಟಿದ ಆಟೋ ಗೊತ್ತುಮಾಡಿ, ಪ್ರಚಾರದ ಮಾತುಗಳನ್ನು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದ್ದೆ.

ಊರು ತಲುಪಿದ ಮೇಲೆ ನನ್ನ ಫೋನನ್ನು ಆಟೋದ ಮೈಕಿಗೆ ಜೋಡಿಸಿ, ಒತ್ತಬೇಕಾದ್ದನ್ನು ಒತ್ತಿ, ಡ್ರೈವರಿಗೆ ಊರು ಸುತ್ತಿ ಬರಲು ಹೇಳಿ, ನಾನು ಹಾಲಿನ ಡೈರಿಯ ಸೆಕ್ರೆಟರಿಯ ಜೊತೆ ಮಾತಿಗೆ ನಿಂತೆ. ಬರುವಾಗ ಬಸ್ಸಿನಲ್ಲಿ ನಾನೊಂದು ಪತ್ತೇದಾರಿ ಕಾದಂಬರಿ ಕೇಳುತ್ತಿದ್ದೆ. ಒತ್ತಿದ್ದು ಅದನ್ನೇ.

ಮೊದಲ ಬೀದಿಯಿಂದಲೇ ದಪ್ಪ ದನಿಯೊಂದು ಕೇಳಿಬಂತು. "ಈ ಊರಿನಲ್ಲಿ ಒಂದು ಕೊಲೆ ನಡೆದಿದೆ. ಕೊಲೆಗಾರ ಇನ್ನೂ ನಮ್ಮ ನಡುವೆಯೇ ಇದ್ದಾನೆ. ನಾನು ಹೇಳುವವರೆಗೆ ಯಾರೂ ಮನೆ ಬಿಟ್ಟು ಹೊರಗೆ ಬರಕೂಡದು."

ನಾನು ಓಡಿಹೋಗಿ ನಿಲ್ಲಿಸುವ ಹೊತ್ತಿಗೆ ಊರಿಗೆ ಊರೇ ಮನೆ ಬಿಟ್ಟು ಹೊರಗೆ ಬಂದಿತ್ತು. ಯಾಕಪ್ಪ ಸುಮ್ಮನೆ ಓಡಿಸಿಕೊಂಡು ಹೋದೆ ಅಂತ ಡ್ರೈವರನ್ನು ಕೇಳಿದೆ. ಸರ್ಕಾರದವರು ಈಗೀಗ ಎಲ್ಲದಕ್ಕೂ ನಾಟಕ ಮಾಡಿಸುತ್ತಾರಲ್ಲ, ಇದೂ ಹಂಗೇ ಅಂದುಕೊಂಡೆ ಮೇಡಂ ಅಂದ. ಸತ್ತವರು ಯಾರು ಅಂತ ಜನ ಕೇಳಿದರು. ಯಾರೂ ಸತ್ತಿಲ್ಲ, ಇದು ಕಥೆ ಅಂದೆ. ಅವರಿಗೆ ನಿರಾಸೆಯಾಯಿತು. ಆದರೂ ಯಾರೂ ಮನೆಗೆ ಹೋಗಲಿಲ್ಲ. ಒಬ್ಬ ಯಜಮಾನರು ಕೋಲೂರಿಕೊಂಡು ಮುಂದೆ ಬಂದು, ಕಥೆಯೇ ಆಗಲಿ, ಅರ್ಧಕ್ಕೆ ಯಾಕೆ ನಿಲ್ಲಿಸಿದ್ದು ಅಂತ ವಿಚಾರಿಸಿದರು.

ಆಗ ಡೈರಿ ಸೆಕ್ರೆಟರಿಗೆ ಒಂದು ಉಪಾಯ ಹೊಳೆಯಿತು. ದನ ಹೊಡೆದುಕೊಂಡು ಕೆರೆ ಏರಿಗೆ ಬಂದವರಿಗೆ ಉಳಿದ ಕಥೆ ಹಾಕುತ್ತಾರೆ, ಬರಿಗೈಲಿ ಬಂದವರಿಗೆ ಇಲ್ಲ ಅಂತ ಅಲ್ಲೇ ಘೋಷಿಸಿಬಿಟ್ಟರು. ನಾನು ನಂಬಲಿಲ್ಲ. ಆದರೆ ದನಗಳು ಬಂದವು. ಏರಿಯ ಉದ್ದಕ್ಕೂ ಸಾಲು ನಿಂತಿತು. ಆಟೋದ ಮೈಕಿನಲ್ಲಿ ಕಥೆ, ಅದರ ಕೆಳಗೆ ನಾನು ಮತ್ತು ಲಸಿಕೆ. ಸೂಜಿ ಚುಚ್ಚಿಸಿಕೊಂಡ ಹಸುಗಳೂ ಹೋಗಲಿಲ್ಲ, ಹಿಡಿದುಕೊಂಡವರು ನಿಂತಿದ್ದರಲ್ಲ. ಕೊಲೆಗಾರ ಅಡಿಗೆಯವನು ಅಂತ ಹೆಂಗಸರ ಪಾರ್ಟಿ. ಬಾವಮೈದ, ಜಮೀನಿಗೋಸ್ಕರ ಅಂತ ಗಂಡಸರ ಪಾರ್ಟಿ. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಸಲೀಸಾಗಿ ಲಸಿಕೆ ಹಾಕಿದ್ದೇ ಇಲ್ಲ.

ಇನ್ನು ಸ್ವಲ್ಪ ದನ ಉಳಿದಿದ್ದವು. ಅಷ್ಟರಲ್ಲಿ ಕಥೆಯ ಇನ್‌ಸ್ಪೆಕ್ಟರು ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಗುಟ್ಟು ಬಿಚ್ಚಿದ. ಕೊಲೆ ಮಾಡಿದ್ದು ಆ ಮನೆಗೆ ಬಂದುಹೋಗುತ್ತಿದ್ದ ಡಾಕ್ಟರು. ಇಂಜೆಕ್ಷನ್ ಕೊಟ್ಟು.

ಎಲ್ಲರೂ ನನ್ನ ಕೈಯಲ್ಲಿದ್ದ ಸಿರಿಂಜನ್ನು ನೋಡಿದರು. ಸಾಲಿನಲ್ಲಿ ಮೊದಲು ನಿಂತಿದ್ದ ಹೆಂಗಸು ಹಸುವಿನ ಹಗ್ಗವನ್ನು ಮೆಲ್ಲಗೆ ಎಳೆದುಕೊಂಡು ಹಿಂದಕ್ಕೆ ತಿರುಗಿದಳು.

"ನಮ್ದು ನಾಳೆ ಆಕಿಸ್ಕಂತೀವಿ ಬುಡಿ ಮೇಡಂ" ಅಂದಳು.

ಜೋಪಾನವಾಗಿ ಓದಿ

ಮಧುಗಿರಿಯಲ್ಲಿ ನಮ್ಮ ಎದುರು ಮನೆಯ ಟೀಚರಿಗೆ ನಾನೊಂದು ದಪ್ಪ ಕಾದಂಬರಿ ಕೊಟ್ಟಿದ್ದೆ. ನನ್ನ ಮೊದಲ ಸಂಬಳದಲ್ಲಿ ಕೊಂಡ ಪುಸ್ತಕ ಅದು. ಎಷ್ಟೋ ತಿಂಗಳ ಮೇಲೆ ಕೇಳಿದಾಗ, ಓದಿ ತಂಗಿಗೆ ಕೊಟ್ಟೆ ಅಂದರು. ತಂಗಿ ತನ್ನ ವಾರಗಿತ್ತಿಗೆ ಕೊಟ್ಟಿದ್ದಳಂತೆ. ವಾರಗಿತ್ತಿಯ ಮನೆಯಿಂದ ಅದನ್ನು ಯಾರು ಒಯ್ದರು ಅಂತ ಯಾರಿಗೂ ಗೊತ್ತಿರಲಿಲ್ಲ. ನಾನು ಅದರ ಆಸೆ ಬಿಟ್ಟೆ.

ವರ್ಷಗಳ ಮೇಲೆ ಶಿರಾದ ಹೊರಗೆ ಒಂದು ಕೋಳಿ ಫಾರಂಗೆ ಹೋಗಿದ್ದೆ. ಫಾರಂ ಸಾಹೇಬರು ವಯಸ್ಸಾದವರು, ಬಿಳಿ ಗಡ್ಡ, ಮೆಲುಮಾತು. ಕೋಳಿಗಳನ್ನು ನೋಡಿ ಔಷಧಿ ಬರೆದುಕೊಟ್ಟ ಮೇಲೆ ಚಹಾ ಕುಡಿಯಲು ಮನೆಗೆ ಕರೆದರು. ಒಳಗೆ ಗಾಜಿನ ಬೀರು, ತುಂಬಾ ಕನ್ನಡ ಕಾದಂಬರಿ. ಚಹಾ ತಣ್ಣಗಾಗುವವರೆಗೆ ಇಬ್ಬರೂ ಪುಸ್ತಕದ ಮಾತೇ ಆಡಿದೆವು. ಹೊರಡುವಾಗ ಅವರು ಬೀಗ ತೆಗೆದು, ಕಂದು ಕಾಗದದ ಬೈಂಡು ಹಾಕಿದ್ದ ಒಂದು ಪುಸ್ತಕ ತೆಗೆದು, ಎರಡೂ ಕೈಯಲ್ಲಿ ಕೊಟ್ಟರು. ಇದನ್ನು ಓದದೆ ಇದ್ದರೆ ಜಿಂದಗಿ ವೇಸ್ಟು ಮೇಡಂ ಅಂದರು. ಮೂಲೆ ಮಡಿಸಬೇಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ, ಊಟದ ಹತ್ತಿರ ಇಡಬೇಡಿ ಅಂತಲೂ ಹೇಳಿದರು. "ಬೇಜಾರು ಮಾಡ್ಕೋಬೇಡಿ. ಕೆಲವು ಜನ ಇರ್ತಾರೆ, ತಗೊಂಡು ಹೋದ್ರೆ ವಾಪಸ್ ಕೊಡೋ ಮಾತೇ ಇಲ್ಲ. ಶರಂ ಇಲ್ಲ ಅಂಥವ್ರಿಗೆ."

ನಾನು ಅವರ ಮಾತನ್ನು ಪೂರ್ತಿ ಒಪ್ಪಿ, ಮನೆಗೆ ಬಂದು, ಪುಸ್ತಕ ತೆರೆದೆ. ಅದು ನನ್ನದೇ.

ಮೊದಲ ಪುಟದಲ್ಲಿ ನನ್ನ ಹೆಸರಿದ್ದ ಕಡೆ ಕ್ಯಾಲೆಂಡರಿನ ಕಾಗದ ಅಂಟಿಸಿತ್ತು. ಆದರೆ ಅಂಚಿನಲ್ಲಿ ನನ್ನ ಅಕ್ಷರ ಹಾಗೇ ಇತ್ತು. ನಾಯಕ ಕೈಗೆ ಬಂದ ಕೆಲಸ ಬಿಟ್ಟು ಹೋಗುವ ಜಾಗದಲ್ಲಿ ನಾನು 'ಇವನಿಗೆ ಬುದ್ಧಿ ಇಲ್ಲ' ಅಂತ ಬರೆದಿದ್ದೆ. ಅದರ ಕೆಳಗೆ ಇನ್ಯಾರೋ 'ಇದನ್ನು ಬರೆದವಳಿಗೂ ಇಲ್ಲ' ಅಂತ ಬರೆದಿದ್ದರು. ಅದಕ್ಕೂ ಕೆಳಗೆ, ಬೇರೆ ಇಂಕಿನಲ್ಲಿ, 'ನಾಯಕನ ಅಪ್ಪನನ್ನು ಅನ್ನಬೇಕು' ಅಂತ ಇತ್ತು. ನನ್ನ ಪುಸ್ತಕ ಊರೂರು ಸುತ್ತಿ ನನಗಿಂತ ಹೆಚ್ಚು ಸ್ನೇಹಿತರನ್ನು ಮಾಡಿಕೊಂಡಿತ್ತು. ಕೂತು ಇನ್ನೊಮ್ಮೆ ಓದಿದೆ. ಖುಷಿಯಲ್ಲಿ ಆ ಮಾತಿನ ಕೆಳಗೆ ನಾನೂ ಪೆನ್ಸಿಲಿನಲ್ಲಿ 'ಹೌದು' ಅಂತ ಬರೆದೆ.

ನಿಜ ಹೇಳಿ ಪುಸ್ತಕ ಉಳಿಸಿಕೊಳ್ಳೋಣ ಅಂತಲೇ ಶಿರಾಕ್ಕೆ ಹೋದೆ. ಮಾತು ಹೇಗೆ ಶುರುಮಾಡಲಿ ಅಂತ ನಾನು ಯೋಚಿಸುತ್ತಿರುವಾಗಲೇ ಸಾಹೇಬರು ಪುಸ್ತಕವನ್ನು ನನ್ನ ಕೈಯಿಂದ ತಗೊಂಡು, ಕನ್ನಡಕ ಹಾಕಿಕೊಂಡು, ಒಂದೊಂದೇ ಹಾಳೆ ತಿರುಗಿಸಿ ನೋಡತೊಡಗಿದರು. ಆ ಪುಟಕ್ಕೆ ಬಂದು ನಿಂತರು. ಪೆನ್ಸಿಲಿನ 'ಹೌದು' ಕಣ್ಣಿಗೆ ಬಿತ್ತು.

"ಇದು ಹೊಸದು" ಅಂದರು. ಸಿಟ್ಟು ಮಾಡಲಿಲ್ಲ, ನೊಂದುಕೊಂಡರು. ಓದಿದವರು, ಆಫೀಸರು, ನೀವೇ ಹಿಂಗೆ ಇನ್ನೊಬ್ಬರ ಪುಸ್ತಕದಲ್ಲಿ ಗೀಚಿದರೆ ಹೆಂಗೆ ಮೇಡಂ ಅಂತ ಕೇಳಿದರು. ಆ ಮುಖ ನೋಡಿ ನನಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ಕ್ಷಮೆ ಕೇಳಿ ಬಂದೆ.

ಈಗಲೂ ನಮ್ಮ ಸ್ನೇಹ ಚೆನ್ನಾಗಿದೆ. ಬೀರುವಿನಿಂದ ಯಾವ ಪುಸ್ತಕ ಕೇಳಿದರೂ ಕೊಡುತ್ತಾರೆ. ಅದೊಂದನ್ನು ಮಾತ್ರ ನನ್ನ ಕೈಗೆ ಕೊಡಲು ಅವರಿಗೆ ನಂಬಿಕೆ ಇಲ್ಲ.

ಅಷ್ಟು ದಪ್ಪ ಯಾಕೆ

ನನಗೆ ಬಹಳ ಇಷ್ಟವಾದ ಒಂದು ಕಾದಂಬರಿ ಸಿನಿಮಾ ಆಯಿತು. ಬಿಡುಗಡೆಯಾದ ವಾರವೇ ಯಜಮಾನರನ್ನು ಹೊರಡಿಸಿಕೊಂಡು ಹೋದೆ. ಕಾದಂಬರಿಯ ನಾಯಕ ಒಬ್ಬ ಬಡಕಲು ಪೋಸ್ಟ್‌ಮಾಸ್ಟರು. ಉಬ್ಬಸದವನು, ಮೆಟ್ಟಿಲು ಹತ್ತಿದರೆ ಕೂತು ಸುಧಾರಿಸಿಕೊಳ್ಳುತ್ತಾನೆ. ಸಿನಿಮಾದಲ್ಲಿ ಅವನು ಬಾಗಿಲು ಒದ್ದುಕೊಂಡು ಬಂದ.

ನಾನು ಯಜಮಾನರ ಕಿವಿಯಲ್ಲಿ, ಇದು ಪುಸ್ತಕದಲ್ಲಿ ಇಲ್ಲ ಅಂದೆ. ಸ್ವಲ್ಪ ಹೊತ್ತಿಗೆ, ಇದೂ ಇಲ್ಲ ಅಂದೆ. ಅವರು ಸುಮ್ಮನೆ ತಲೆಯಾಡಿಸಿದರು. ಆದರೆ ಮುಂದಿನ ಸೀಟಿನಲ್ಲಿ ಸಂಸಾರ ಸಮೇತ ಬಂದಿದ್ದ ಒಬ್ಬರು ಹಿಂದಕ್ಕೆ ತಿರುಗಿ, ಬುಕ್ಕು ಓದಿದ್ದೀರಾ ಮೇಡಂ, ಮುಂದೇನಾಗುತ್ತೆ ಅಂತ ಕೇಳಿದರು. ಮುಂದೆ ಅವನಿಗೆ ವರ್ಗವಾಗುತ್ತದೆ, ಮನಸ್ಸು ಮುರಿದು ಊರು ಬಿಟ್ಟು ಹೋಗುತ್ತಾನೆ ಅಂದೆ. ಅವರು ಅದನ್ನು ತಮ್ಮ ಸಾಲಿನವರಿಗೆಲ್ಲ ಹೇಳಿದರು. ಅಷ್ಟರಲ್ಲಿ ತೆರೆಯ ಮೇಲೆ ನಾಯಕ ನಾಯಕಿ ಯಾವುದೋ ಹಿಮದ ದೇಶದಲ್ಲಿ ಹಾಡುತ್ತಾ ಉರುಳತೊಡಗಿದರು. ನನಗೆ ಮುಖ ಎಲ್ಲಿಡಲಿ ಅನ್ನಿಸಿತು. ಆದರೆ ಅವರು ತಿರುಗಿ ನೋಡಿ ಮೆಚ್ಚುಗೆಯಿಂದ, "ಹೇಳಿದಂಗೆ ಊರು ಬುಟ್ಟ ನೋಡಿ" ಅಂದರು.

ಸಿನಿಮಾ ಮುಗಿದು ಹೊರಗೆ ಬರುವಾಗ ಅವರೇ ಕಾದು ನಿಂತು ನಮ್ಮ ಜೊತೆ ಹೆಜ್ಜೆ ಹಾಕಿದರು. ಬುಕ್ಕು ಎಷ್ಟು ದೊಡ್ಡದು ಅಂತ ಕೇಳಿದರು. ಬೆರಳಲ್ಲಿ ತೋರಿಸಿದೆ. ಅದರಲ್ಲಿ ಎಷ್ಟು ಫೈಟ್ ಇವೆ ಅಂತ ಕೇಳಿದರು. ಒಂದೂ ಇಲ್ಲ ಅಂದೆ. ಡ್ಯಾನ್ಸೂ ಇಲ್ಲ ಅಂದೆ. ಅವರು ಸೈಕಲ್ ಸ್ಟ್ಯಾಂಡಿನವರೆಗೂ ಅದನ್ನೇ ಯೋಚಿಸುತ್ತಾ ಬಂದರು.

"ಮತ್ತೆ ಅಷ್ಟು ದಪ್ಪ ಏನು ಬರ್ದವ್ರೆ ಮೇಡಂ?"

ಹೆಣ್ಣು ನೋಡಲು ಬಂದ ಓದುಗ

ನಮ್ಮಕ್ಕನನ್ನು ಕೊಟ್ಟಿರುವುದು ತೋವಿನಕೆರೆಗೆ. ಅವಳ ಮಗಳು ಕೊರಟಗೆರೆಯಲ್ಲಿ ಔಷಧಿ ಅಂಗಡಿ ನೋಡಿಕೊಳ್ಳುತ್ತಾಳೆ. ಓದುವ ಚಟ ಅವಳಿಗೆ ನನ್ನಿಂದ ಅಂಟಿದ್ದು. ಗಂಡು ನೋಡಲು ಶುರುಮಾಡಿದ ಮೇಲೆ ಇದು ತೊಂದರೆಯಾಯಿತು. ಬಂದ ಗಂಡುಗಳನ್ನೆಲ್ಲ ಅವಳು, ಈಚೆಗೆ ಏನು ಓದಿದಿರಿ ಅಂತ ಕೇಳುತ್ತಿದ್ದಳು. ಒಬ್ಬ ವಾಟ್ಸ್ಯಾಪ್ ಅಂದ. ಇನ್ನೊಬ್ಬ ಬಿ.ಕಾಂ ಅಂದ. ಎಲ್ಲವೂ ಅಲ್ಲಲ್ಲಿಗೇ ನಿಂತವು. ಅಕ್ಕ ಸಿಕ್ಕಾಗಲೆಲ್ಲ, ನಿನ್ನಿಂದಲೇ ಕಣೆ ನನ್ನ ಮಗಳು ಹಿಂಗಾಗಿದ್ದು ಅಂತ ನನಗೆ ಹೇಳುತ್ತಿದ್ದಳು.

ಆಮೇಲೆ ಪಾವಗಡದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಅಲ್ಲಿನ ಸೋಲಾರ್ ಪ್ಲಾಂಟಿನಲ್ಲಿ ಇಂಜಿನಿಯರು. ಮನೆತನ ಚೆನ್ನಾಗಿದೆ. ತೋರಿಸಲು ಬಂದ ದಲ್ಲಾಳಿ ಬುದ್ಧಿವಂತ. ಹುಡುಗಿ ಏನು ಕೇಳುತ್ತಾಳೆ ಅಂತ ಹುಡುಗನಿಗೆ ದಾರಿಯಲ್ಲೇ ಹೇಳಿಕೊಟ್ಟು ಕರೆತಂದಿದ್ದ. ಉಪ್ಪಿಟ್ಟು, ಕೇಸರಿಬಾತು ಆದ ಮೇಲೆ ಅವಳು ಕೇಳಿದಳು. ಹುಡುಗ ತಡವರಿಸದೆ ಒಂದು ಕಾದಂಬರಿಯ ಹೆಸರು ಹೇಳಿದ.

ಅದು ಅವಳಿಗೂ ನನಗೂ ಪ್ರಾಣವಾದ ಕಾದಂಬರಿ. ಅವಳ ಮುಖ ಅರಳಿತು. ಅಕ್ಕ ಬಾಗಿಲ ಹಿಂದೆ ನಿಂತು ದೇವರಿಗೆ ಕೈಮುಗಿದಳು. ಯಾವ ಭಾಗ ಇಷ್ಟವಾಯಿತು ಅಂತ ಅವಳು ಕೇಳಿದಳು. ಕೊನೆ, ಅಂದ ಅವನು. ಇಬ್ಬರೂ ರೈಲು ಹತ್ತಿಕೊಂಡು ಹೋಗುತ್ತಾರಲ್ಲ, ಅದನ್ನು ಮರೆಯೋಕೇ ಆಗಲ್ಲ ಅಂದ.

ಆ ಕಾದಂಬರಿಯಲ್ಲಿ ರೈಲೇ ಇಲ್ಲ. ನಾಯಕಿ ಮುಕ್ಕಾಲು ಭಾಗಕ್ಕೇ ಸತ್ತುಹೋಗುತ್ತಾಳೆ. ಉಳಿದದ್ದು ಅವನೊಬ್ಬನೇ ಬದುಕುವ ಕಥೆ. ಇದನ್ನೂ ಯಾರೋ ಸಿನಿಮಾ ಮಾಡಿದ್ದರು, ರೈಲು ಇದ್ದದ್ದು ಆ ಸಿನಿಮಾದಲ್ಲಿ. ನನಗೂ ಅವಳಿಗೂ ಕಣ್ಣುಕಣ್ಣು ಸೇರಿತು. ನಾನು ಬೇಡ ಅನ್ನುವಂತೆ ತಲೆಯಾಡಿಸಿದೆ. ಅವಳು ನೋಡಿದರೂ ನೋಡದವಳ ಹಾಗೆ ಅವನ ಕಡೆ ತಿರುಗಿದಳು.

"ನೀವು ಓದಿದ ಪುಸ್ತಕದಲ್ಲಿ ಹಾಡು ಎಷ್ಟಿದ್ವು?" ಅಂತ ಕೇಳಿದಳು.

ಪಡಸಾಲೆಯಲ್ಲಿ ಯಾರಿಗೂ ಏನೂ ಅರ್ಥವಾಗಲಿಲ್ಲ. ಹುಡುಗನಿಗೆ ಮಾತ್ರ ಆಯಿತು. ದಲ್ಲಾಳಿಯ ಮುಖ ನೋಡಿದ, ಕೇಸರಿಬಾತಿನ ತಟ್ಟೆ ನೋಡಿದ, ಆಮೇಲೆ ಮೆಲ್ಲಗೆ, "ನಾಲ್ಕು" ಅಂದ.

ಅವಳಿಗೆ ನಗು ತಡೆಯಲಾಗಲಿಲ್ಲ. ಎದ್ದು ಒಳಗೆ ಹೋದಳು. ಹುಡುಗಿ ಒಪ್ಪಲಿಲ್ಲ ಅಂತ ಅವರು ಎದ್ದು ನಿಂತರು. ಅಷ್ಟರಲ್ಲಿ ಅವಳು ಆ ಕಾದಂಬರಿಯನ್ನೇ ತಂದು ಅವನ ಕೈಗೆ ಕೊಟ್ಟು, ಓದಿ ಅಂದಳು. ಅವನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಅಪ್ಪ ಅಮ್ಮನ ಹಿಂದೆ ಕಾರು ಹತ್ತಿದ. ಹೆಣ್ಣು ನೋಡಲು ಬಂದವರ ಕೈಗೆ ತಾಂಬೂಲ ಕೊಡುವ ಬದಲು ಬುಕ್ಕು ಕೊಟ್ಟು ಕಳಿಸಿದ್ದನ್ನು ಅಕ್ಕ ನನ್ನ ಲೆಕ್ಕಕ್ಕೇ ಹಾಕಿದಳು.

ಮುಂದಿನ ಕೆಲವು ವಾರ ಆ ಕಡೆಯಿಂದ ಸುದ್ದಿ ಇಲ್ಲ. ಫೋನು ಮಾಡಿ ಕೇಳಲು ಇವರಿಗೆ ಸಂಕೋಚ. ದಲ್ಲಾಳಿ ತಲೆ ತಪ್ಪಿಸಿಕೊಂಡು ಓಡಾಡುತ್ತಿದ್ದ. ಹುಡುಗಿ ಮೇಲೆ ಏನೂ ತೋರಿಸಿಕೊಳ್ಳಲಿಲ್ಲ. ಆದರೆ ಹೊಸ ಪುಸ್ತಕ ಕೊಟ್ಟರೆ ಮುಟ್ಟುತ್ತಿರಲಿಲ್ಲ, ಅದರಿಂದ ನನಗೆ ಗೊತ್ತಾಯಿತು.

ಒಂದು ಭಾನುವಾರ ನಾನು ಅಕ್ಕನ ಮನೆಯಲ್ಲಿದ್ದೆ. ಹುಡುಗ ಒಬ್ಬನೇ ಬೈಕಿನಲ್ಲಿ ಬಂದು ಇಳಿದ. ಕೈಯಲ್ಲಿ ಪುಸ್ತಕ. ಕಣ್ಣು ಕೆಂಪಾಗಿದ್ದವು. ಕೂರಿ ಅಂದರೆ ಕೂರಲಿಲ್ಲ. ಬೇಡ ಅಂತ ಹೇಳಿ ಪುಸ್ತಕ ವಾಪಸ್ ಕೊಟ್ಟುಹೋಗಲು ಬಂದಿದ್ದಾನೆ ಅಂತ ಅಕ್ಕ ನನ್ನ ಕೈ ಹಿಡಿದುಕೊಂಡಳು. ಮಗಳು ಹೊರಗೆ ಬಂದ ತಕ್ಷಣ ಅವನು ಪುಸ್ತಕವನ್ನು ಎತ್ತಿ ತೋರಿಸಿದ.

"ಏನ್ರಿ ಇದು. ಸಾಯಿಸ್ಬುಟ್ಟವ್ರಲ್ರಿ ಅವಳ್ನ. ಏನ್ ತಪ್ಪು ಮಾಡಿದ್ಲು ಆ ಹುಡ್ಗಿ?"

ಸಾಯಿಸದೆ ಇದ್ದರೆ ಕಥೆ ನಿಲ್ಲುವುದಿಲ್ಲ ಅಂತ ಅವಳು ಹೇಳಿದಳು. ಅವನು ಒಪ್ಪಲಿಲ್ಲ. ಆಸ್ಪತ್ರೆಗೆ ಬೇಗ ಕರೆದುಕೊಂಡು ಹೋಗಿದ್ದರೆ ಉಳಿಯುತ್ತಿದ್ದಳು, ಗಂಡನಾದವನು ಗಾಡಿ ಹುಡುಕುತ್ತಾ ನಿಂತ ಅಂದ. ಅವಳು ಪುಟ ತೆರೆದು ಆ ಊರಿಗೆ ಆಗ ರಸ್ತೆಯೇ ಇರಲಿಲ್ಲ ಅಂತ ತೋರಿಸಿದಳು. ಅವನು ಅದೇ ಪುಟದಲ್ಲಿ ಬೇರೆ ಸಾಲು ತೋರಿಸಿದ. ಕಾಫಿ ಆರಿಹೋಯಿತು. ದನಿ ಏರಿತು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಊಟದ ಹೊತ್ತಾದರೂ ಇಬ್ಬರೂ ಜಗುಲಿ ಬಿಟ್ಟು ಏಳಲಿಲ್ಲ. ಅಕ್ಕ ಅಡುಗೆಮನೆಗೆ ಬಂದು, ಇದು ಜಗಳಾನೋ ಏನಿದು, ನನಗೊಂದೂ ತಿಳಿಯುತ್ತಿಲ್ಲ ಅಂದಳು.

"ಜಗಳಾನೇ ಕಣಕ್ಕ" ಅಂದೆ. "ಮುಹೂರ್ತ ನೋಡ್ಸು."

ನಿಶ್ಚಿತಾರ್ಥ ಪಾವಗಡದಲ್ಲಿ ಆಯಿತು. ಹುಡುಗನ ತಾಯಿ ಸಂಭ್ರಮದ ಹೆಂಗಸು. ಎಲ್ಲ ಹೆಂಗಸರನ್ನೂ ತೆಲುಗಿನವರ ಹಾಗೆ 'ವದಿನಾ', ಅಂದರೆ ಅತ್ತಿಗೆ, ಅಂತ ಕರೆದು ಮಾತಾಡಿಸುತ್ತಾರೆ. ಊಟದ ಪಂಕ್ತಿಯಲ್ಲಿ ನಮ್ಮ ಕಡೆಯ ಒಬ್ಬ ಅಜ್ಜಿ ಅವರನ್ನು ಕೂರಿಸಿಕೊಂಡು ಹುಡುಗನ ಗುಣ ವಿಚಾರಿಸುತ್ತಿದ್ದರು. ನಾನು ಅವರ ಪಕ್ಕದ ಎಲೆಯಲ್ಲಿದ್ದೆ. ಆ ತಾಯಿ ಮಗನ ಬಗ್ಗೆ ಮನಸ್ಸು ತುಂಬಿ ಹೇಳಿದರು. ಕುಡಿಯಲ್ಲ, ಸೇದಲ್ಲ, ಇಸ್ಪೀಟು ಮುಟ್ಟಲ್ಲ, ಕೆಲಸ ಆಯ್ತು ಮನೆ ಆಯ್ತು. ಅಷ್ಟು ಹೇಳಿ ಸ್ವಲ್ಪ ತಡೆದರು. ಸಂಬಂಧ ಬೆಳೆಸುವಾಗ ಮುಚ್ಚಿಡಬಾರದು ಅನ್ನಿಸಿರಬೇಕು. ಸುತ್ತ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು, ದನಿ ತಗ್ಗಿಸಿದರು.

"ಈಗ್ ಸ್ವಲ್ಪ ದಿನ್ದಿಂದ ಬುಕ್ಕು ಓದೋದು ಕಲ್ತವ್ನೆ ವದಿನಾ. ಮದ್ವೆ ಆದ್ರೆ ಅದೂ ಬುಟ್ಬುಡ್ತಾನೆ."